ಊರ ಹತ್ತಿರದ ಎಂಜಿನಿಯರಿಂಗ್ ಕಾಲೇಜು: ಫೀಸು ಕಡಿಮೆ, ಸೀಟು ತಗೋಬಹುದಾ?

ಸಿಇಟಿ ರ‍್ಯಾಂಕ್ ಬಂದ ದಿನದಿಂದ ಭಾಲ್ಕಿ, ಹುಮನಾಬಾದ್, ಚಿಂಚೋಳಿ, ಸೇಡಂ, ಶಹಾಪುರ ಕಡೆಯ ಮನೆಗಳಲ್ಲಿ ನಡೆಯುವ ಲೆಕ್ಕ ಒಂದೇ. ಬೆಂಗಳೂರಿಗೆ ಕಳಿಸಿದರೆ ಪಿಜಿ, ಊಟ, ಓಡಾಟಕ್ಕೆ ಕಾಲೇಜು ಫೀಸಿನಷ್ಟೇ ಇನ್ನೊಂದು ಖರ್ಚು. ಹತ್ತಿರದ ಕಾಲೇಜಿಗೆ ಹಾಕಿದರೆ ಮುಂಜಾನೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋದ ಮಕ್ಕಳು ಸಂಜೆ ಮನೆಗೆ ಬರುತ್ತಾರೆ. ಆದರೆ ‘ಅಲ್ಲಿ ಓದಿದರೆ ಕೆಲಸ ಸಿಗುತ್ತದಾ?’ ಎಂಬ ಮಾತು ಬಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ.

ನಮ್ಮ ತೀರ್ಮಾನ ಮೊದಲೇ ಹೇಳುತ್ತೇವೆ. ಸಿಇಟಿ ಸೀಟಿನಲ್ಲಿ, ಉಪನ್ಯಾಸಕರು ಕಾಲೂರಿ ನಿಂತಿರುವ ವಿಭಾಗಕ್ಕೆ ಸೇರಿದರೆ ತಾಲೂಕು ಮಟ್ಟದ ಕಾಲೇಜು ಕೊಟ್ಟ ದುಡ್ಡಿಗೆ ಮೋಸವಿಲ್ಲದ ಓದು. ಅದೇ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಕೊಡುವುದು ಬೇಡ. ಒಂದೇ ಕಟ್ಟಡದೊಳಗೆ ಒಂದು ವಿಭಾಗ ಚೆನ್ನಾಗಿ ನಡೆಯುತ್ತಿರುತ್ತದೆ, ಪಕ್ಕದ್ದು ಬರೀ ಬೋರ್ಡಿನ ಮೇಲೆ ಇರುತ್ತದೆ. ಹಾಗಾಗಿ ಕಾಲೇಜಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ, ಬ್ರಾಂಚ್ ನೋಡಿ ಮಾಡಿ.

ಈ ಭಾಗಕ್ಕೆ ಎಂಜಿನಿಯರಿಂಗ್ ಓದು ಹೊಸದಲ್ಲ. ಕಲಬುರಗಿಯ ಪಿಡಿಎ ಕಾಲೇಜು 1958ರದ್ದು. ಬೀದರದ ಗುರುನಾನಕ ದೇವ ಕಾಲೇಜು 1980ರಲ್ಲಿ ಬಂತು. ಭಾಲ್ಕಿಯಲ್ಲಿ 1982ರಲ್ಲಿ ರೂರಲ್ ಎಂಜಿನಿಯರಿಂಗ್ ಕಾಲೇಜು ಎಂಬ ಹೆಸರಿನಲ್ಲೇ ಶುರುವಾದದ್ದು ಇವತ್ತಿನ ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. 1998ರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಆದ ಮೇಲೆ ಅದಕ್ಕೆ ಸೇರಿದ, ಸ್ವಾಯತ್ತವಲ್ಲದ ಕಾಲೇಜುಗಳಿಗೆಲ್ಲ ಪಠ್ಯ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಹಳ್ಳಿ ಕಡೆಯ ಇಂಥ ಕಾಲೇಜಿನ ವಿದ್ಯಾರ್ಥಿ ಮತ್ತು ಬೆಂಗಳೂರಿನ ಇಂಥ ಕಾಲೇಜಿನ ವಿದ್ಯಾರ್ಥಿ ಒಂದೇ ದಿನ, ಒಂದೇ ಹೊತ್ತಿಗೆ, ಅದೇ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಾರೆ. ಪಿಡಿಎ ಥರದ ಸ್ವಾಯತ್ತ ಕಾಲೇಜು ತನ್ನ ಪ್ರಶ್ನೆಪತ್ರಿಕೆ ತಾನೇ ತೆಗೆಯುತ್ತದೆ. ಶರಣಬಸವ ವಿಶ್ವವಿದ್ಯಾಲಯ, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯಗಳದ್ದು ಪರೀಕ್ಷೆಯೂ ಡಿಗ್ರಿಯೂ ತಮ್ಮದೇ. ಹಾಗಾಗಿ ಮುಂದೆ ಹೇಳುವ ಅಳತೆಗೋಲು ಸ್ವಾಯತ್ತವಲ್ಲದ ವಿಟಿಯು ಕಾಲೇಜುಗಳಿಗೆ ಮಾತ್ರ ಸರಿಯಾಗಿ ಹೊಂದುತ್ತದೆ.

ಆ ಅಳತೆಗೋಲು ವಿಟಿಯು ರಿಸಲ್ಟ್ ಹಾಳೆಯಲ್ಲೇ ಇದೆ. ಪ್ರತಿ ವಿಷಯದ ಮುಂದೆ ಇಂಟರ್ನಲ್, ಎಕ್ಸ್‌ಟರ್ನಲ್, ಒಟ್ಟು ಎಂದು ಮೂರು ಅಂಕಗಳು ಇರುತ್ತವೆ. ಇಂಟರ್ನಲ್ ಕಾಲೇಜೇ ಕೊಡುವುದು, 50ಕ್ಕೆ. ಎಕ್ಸ್‌ಟರ್ನಲ್ ಪರೀಕ್ಷೆ 100ಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಐದು ಮಾಡ್ಯೂಲ್, ಒಂದೊಂದರಲ್ಲಿ ಎರಡು ಪ್ರಶ್ನೆ, ಅದರಲ್ಲಿ ಒಂದಕ್ಕೆ ಪೂರ್ತಿ ಉತ್ತರ, ಪ್ರತಿ ಉತ್ತರಕ್ಕೆ 20 ಅಂಕ. 2022ರ ಸ್ಕೀಮ್‌ನಲ್ಲಿ ಪಾಸಾಗಲು ಇಂಟರ್ನಲ್‌ನಲ್ಲಿ ಕನಿಷ್ಠ 20, ಎಕ್ಸ್‌ಟರ್ನಲ್‌ನಲ್ಲಿ ಕನಿಷ್ಠ 18, ಎರಡೂ ಸೇರಿ ಕನಿಷ್ಠ 40 ಬೇಕು. 20 ಮತ್ತು 18 ಕೂಡಿಸಿದರೆ 38 ಆಗುತ್ತದೆ ಎಂಬುದನ್ನು ಗಮನಿಸಿ. ಎರಡರಲ್ಲೂ ಗೆರೆ ದಾಟಿಯೂ ಫೇಲಾಗಬಹುದು. ಇಂಟರ್ನಲ್ 20 ಇದ್ದವನು 100ಕ್ಕೆ 40 ಬರೆಯಲೇಬೇಕು.

ಕಾಲೇಜಿನ ಬ್ಯಾನರಿನಲ್ಲಿ ‘ಶೇ 90 ಫಲಿತಾಂಶ’ ಎಂದಿರುತ್ತದೆ. ಆ ಸಂಖ್ಯೆಯಿಂದ ಏನೂ ತಿಳಿಯದು. ಇಂಟರ್ನಲ್ ಅಂಕ ಧಾರಾಳವಾಗಿ ಹಾಕಿದರೆ ಎಕ್ಸ್‌ಟರ್ನಲ್‌ನಲ್ಲಿ 18 ಮುಟ್ಟಿದವರೆಲ್ಲ ಪಾಸು. ಹಾಗಾಗಿ ನಿಮಗೆ ಬೇಕಾದ ಬ್ರಾಂಚಿನ ಮೂರನೇ ವರ್ಷದ ನಾಲ್ಕೈದು ಮಂದಿಯನ್ನು ಹುಡುಕಿ, ಮೊಬೈಲಿನಲ್ಲೇ ಅವರ ರಿಸಲ್ಟ್ ತೋರಿಸಲು ಕೇಳಿ. ಮೊದಲ ಬೆಂಚಿನವರನ್ನಷ್ಟೇ ಕೇಳಬೇಡಿ, ನಡುವಿನವರನ್ನೂ ಕೇಳಿ. ಇಂಟರ್ನಲ್ 47, ಎಕ್ಸ್‌ಟರ್ನಲ್ 19. ಇಂಟರ್ನಲ್ 48, ಎಕ್ಸ್‌ಟರ್ನಲ್ 21. ಹೀಗೆ ಸಾಲಾಗಿ ಕಂಡರೆ ಆ ವಿಭಾಗದಲ್ಲಿ ಪಾಠ ಆಗುತ್ತಿಲ್ಲ, ಅಂಕ ಮಾತ್ರ ಬೀಳುತ್ತಿವೆ. ಇಂಟರ್ನಲ್ 38, ಎಕ್ಸ್‌ಟರ್ನಲ್ 31 ಥರ ಇದ್ದರೆ ಒಟ್ಟು ಅಂಕ ಹೆಚ್ಚು ಕಡಿಮೆ ಅಷ್ಟೇ ಆದರೂ ಆ ಕಾಲೇಜಿಗೆ ಹೋಗಿ. ಕಂಪನಿಯ ಲಿಖಿತ ಪರೀಕ್ಷೆ, ಎಂಟೆಕ್‌ ಪ್ರವೇಶದ ಗೇಟ್, ಸರ್ಕಾರಿ ಜೂನಿಯರ್ ಎಂಜಿನಿಯರ್ (ಜೆಇ) ಪರೀಕ್ಷೆ ಎಲ್ಲವೂ ಎಕ್ಸ್‌ಟರ್ನಲ್‌ನ ಜಾತಿಯವು. ಅಲ್ಲಿ ಇಂಟರ್ನಲ್ ಅಂಕ ಕೈಹಿಡಿಯುವುದಿಲ್ಲ.

ಮೊದಲ ಸೆಮಿಸ್ಟರಿನ ಗಣಿತದ ಸಾಲನ್ನು ಬಿಡಿಸಿ ನೋಡಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುನಲ್ಲಿ ಇಂಗ್ಲಿಷಿನೊಡನೆ ಎರಡು ವರ್ಷ ಹೆಣಗಿದ ಮಕ್ಕಳು ಬೀಳುವುದು ಇಲ್ಲೇ. ಲೆಕ್ಕ ಬರದೆ ಅಲ್ಲ, ಪ್ರಶ್ನೆಯ ವಾಕ್ಯ ಹಿಡಿಯಲಾಗದೆ. ಒಳ್ಳೆಯ ಹಳ್ಳಿ ಕಾಲೇಜಿನ ನಿಜವಾದ ಬೆಲೆ ಈ ಜಾಗದಲ್ಲಿ ಕಾಣುತ್ತದೆ. ಕನ್ನಡದಲ್ಲಿ ಒಮ್ಮೆ ಬಿಡಿಸಿ ಹೇಳಿ, ಮತ್ತೆ ಇಂಗ್ಲಿಷಿನಲ್ಲಿ ಬರೆಸುವ ಮೇಷ್ಟ್ರು ಇದ್ದರೆ ಎರಡನೇ ಸೆಮಿಸ್ಟರಿಗೆ ಮಕ್ಕಳು ದಡ ಸೇರುತ್ತಾರೆ. ಬೆಂಗಳೂರಿನ ದುಬಾರಿ ಕಾಲೇಜಿನಲ್ಲಿ ಈ ತಾಳ್ಮೆ ಸಿಗುವುದು ಅಪರೂಪ. ‘ಗಣಿತಕ್ಕೆ ಸಂಜೆ ಬೇರೆ ಕ್ಲಾಸ್ ನಡೆಯುತ್ತದಾ, ಯಾರು ತಗೋತಾರೆ?’ ಎಂದು ಎರಡನೇ ವರ್ಷದವರನ್ನು ಕೇಳಿ. ಆಫೀಸಿನಲ್ಲಿ ಕೇಳಿದರೆ ‘ಹೌದು’ ಎಂದೇ ಹೇಳುತ್ತಾರೆ.

ಲ್ಯಾಬ್ ನೋಡಲು ಕೆಲಸದ ದಿನ, ಮಧ್ಯಾಹ್ನ 2ರ ನಂತರ ಹೋಗಿ. ಪ್ರವೇಶದ ಸಮಯದಲ್ಲಿ ಯಾವ ಲ್ಯಾಬಾದರೂ ಒರೆಸಿ ಇಟ್ಟಿರುತ್ತಾರೆ. ನೆಲ ಹೊಳೆಯುವುದನ್ನು ನೋಡಬೇಡಿ, ಸವೆದದ್ದನ್ನು ನೋಡಿ. ಎಲೆಕ್ಟ್ರಿಕಲ್ ಮಷೀನ್ಸ್ ಲ್ಯಾಬಿನಲ್ಲಿ ಡಿಸಿ ಮೋಟರಿನ ಪಕ್ಕ ಅದನ್ನು ನಿಧಾನಕ್ಕೆ ಶುರು ಮಾಡುವ ತ್ರೀ ಪಾಯಿಂಟ್ ಸ್ಟಾರ್ಟರ್ ಇರುತ್ತದೆ. ಅದರ ಹಿಡಿಕೆ ಹಿತ್ತಾಳೆಯ ಗುಂಡಿಗಳ ಮೇಲೆ ಒಂದೊಂದಾಗಿ ಜಾರಿ ಹೋಗಬೇಕು. ಗುಂಡಿಗಳು ಉಜ್ಜಿ ಉಜ್ಜಿ ಹೊಂಬಣ್ಣಕ್ಕೆ ಬಂದಿದ್ದರೆ ವಾರವಾರ ಮೋಟರ್ ಓಡುತ್ತಿದೆ. ಹಸಿರು ಕಿಲುಬು ಕಟ್ಟಿದ್ದರೆ ಪ್ರಯೋಗ ರೆಕಾರ್ಡ್ ಪುಸ್ತಕದಲ್ಲೇ ಮುಗಿಯುತ್ತಿದೆ. ಮೆಕ್ಯಾನಿಕಲ್, ಸಿವಿಲ್ ಕಡೆ ಲೋಹವನ್ನು ಎಳೆದು ಅದರ ಬಲ ಅಳೆಯುವ ಯುಟಿಎಂ ಯಂತ್ರದ ಹತ್ತಿರದ ಡಬ್ಬಿಯಲ್ಲಿ ಮುರಿದ ಕಬ್ಬಿಣದ ಕಡ್ಡಿಗಳಿರುತ್ತವೆ. ಮೆದು ಉಕ್ಕಿನ ಕಡ್ಡಿ ಎಳೆದು ತುಂಡಾದಾಗ ಒಂದು ಕಡೆ ಬಟ್ಟಲಿನಂತೆ, ಇನ್ನೊಂದು ಕಡೆ ಮೊನೆಯಂತೆ ಮುರಿಯುತ್ತದೆ. ಆ ಮುರಿದ ಬಾಯಿ ಬೂದು ಬಣ್ಣದಲ್ಲಿ ಮಿನುಗುತ್ತಿದ್ದರೆ ಪ್ರಯೋಗ ಈ ಸೆಮಿಸ್ಟರಿನದು. ಎಲ್ಲ ತುಂಡುಗಳಿಗೂ ತುಕ್ಕು ಹಿಡಿದಿದ್ದರೆ ಯಂತ್ರ ನಿಂತು ಬಹಳ ದಿನ ಆಗಿದೆ. ಯಂತ್ರಕ್ಕೆ ಅಂಟಿಸಿದ ಕ್ಯಾಲಿಬ್ರೇಶನ್ ಚೀಟಿಯ ತಾರೀಕನ್ನೂ ಓದಿ.

ಸಿವಿಲ್ ಓದುವವರಿಗೆ ನಮ್ಮ ಎರೆ ಭೂಮಿಯೇ ದೊಡ್ಡ ಪ್ರಯೋಗಶಾಲೆ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನ ಮೇಲೆ ಕಟ್ಟಿದ ಗೋಡೆಗಳು ಓರೆಯಾಗಿ ಸೀಳುವುದನ್ನು ಊರೂರಲ್ಲಿ ನೋಡುತ್ತೇವೆ. ಮಣ್ಣು ಎಷ್ಟು ಉಬ್ಬುತ್ತದೆ ಎಂದು ನೋಡುವ ಫ್ರೀ ಸ್ವೆಲ್ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಒಣ ಮಣ್ಣು ಹತ್ತತ್ತು ಗ್ರಾಂ, 100 ಮಿಲಿಯ ಎರಡು ಗಾಜಿನ ಸಿಲಿಂಡರು. ಒಂದಕ್ಕೆ ನೀರು, ಒಂದಕ್ಕೆ ಸೀಮೆಎಣ್ಣೆ ಹಾಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಎಷ್ಟು ಮೇಲೆದ್ದಿದೆ ಎಂಬುದೇ ಲೆಕ್ಕ. ವಿದ್ಯಾರ್ಥಿಗಳು ತಮ್ಮ ಹೊಲದ ಮಣ್ಣು ತಂದು ಇದನ್ನು ಮಾಡಿದ್ದಾರಾ ಎಂದು ಕೇಳಿ. ಮಾಡಿಸಿದ ವಿಭಾಗದಲ್ಲಿ ಕೆಲಸ ಬಲ್ಲ ಮೇಷ್ಟ್ರು ಇದ್ದಾರೆ.

ಕಂಪ್ಯೂಟರ್ ಲ್ಯಾಬಿನಲ್ಲಿ ಎಷ್ಟು ಕಂಪ್ಯೂಟರ್ ಇವೆ ಎನ್ನುವುದಕ್ಕಿಂತ ಒಂದು ಸಾಲಿನಲ್ಲಿ ಎಷ್ಟು ಆನ್ ಆಗುತ್ತವೆ ನೋಡಿ. ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಲ್ಯಾಬ್ ಅಸಿಸ್ಟೆಂಟರನ್ನು ಕೇಳಿ. ಬೇಸಿಗೆಯಲ್ಲಿ ಪಾರ 42 ಡಿಗ್ರಿ ದಾಟುವ ಊರುಗಳಿವು. ಬ್ಯಾಟರಿ ಸತ್ತ ಯುಪಿಎಸ್ ಇದ್ದರೆ ಪ್ರಾಕ್ಟಿಕಲ್ ಪರೀಕ್ಷೆಯ ನಡುವೆ ಬರೆದ ಪ್ರೋಗ್ರಾಂ ಹೋಗುತ್ತದೆ.

ಉಪನ್ಯಾಸಕರ ವಿಷಯಕ್ಕೆ ಬಂದರೆ, ತಾಂತ್ರಿಕ ಕಾಲೇಜುಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಎಐಸಿಟಿಇ ಲೆಕ್ಕ 20 ವಿದ್ಯಾರ್ಥಿಗೆ ಒಬ್ಬರು. ವರ್ಷಕ್ಕೆ 60 ಸೀಟಿನ ಬ್ರಾಂಚಿಗೆ ನಾಲ್ಕು ವರ್ಷ ಸೇರಿ 240 ಮಂದಿ, ಅಂದರೆ ಗಣಿತ, ಭೌತಶಾಸ್ತ್ರದವರೂ ಕೂಡಿ 12 ಜನ. ಕಾಲೇಜಿನ ವೆಬ್‌ಸೈಟಿನಲ್ಲಿ ಕಡ್ಡಾಯವಾಗಿ ಹಾಕುವ ಮಾಹಿತಿಯಲ್ಲಿ ಹೆಸರುಗಳ ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ವಿಭಾಗದ ನೋಟಿಸ್ ಬೋರ್ಡಿನ ಟೈಮ್‌ಟೇಬಲಿಗೆ ಹೋಲಿಸಿ. ಪಟ್ಟಿಯಲ್ಲಿ ಹತ್ತು ಹೆಸರು, ಟೈಮ್‌ಟೇಬಲಿನಲ್ಲಿ ಐದೇ ಇನಿಷಿಯಲ್ ತಿರುಗುತ್ತಿದ್ದರೆ ಉಳಿದ ಐವರು ಕಾಗದದ ಮೇಲೆ ಇದ್ದಾರೆ. ಕಂಪ್ಯೂಟರ್ ಸೈನ್ಸಿಗೆ ಎಐ, ಡೇಟಾ ಸೈನ್ಸ್ ಎಂದು ಬಾಲ ಕಟ್ಟಿದ ಹೊಸ ಬ್ರಾಂಚುಗಳಲ್ಲಿ ಇದು ಹೆಚ್ಚು. ಸೀಟು ಏರಿದಷ್ಟು ಬೇಗ ಮೇಷ್ಟ್ರು ಸಿಗುವುದಿಲ್ಲ. ಸಂಬಳ ತಿಂಗಳು ತಿಂಗಳು ತಪ್ಪಿದರೆ ಹೈದರಾಬಾದಿಗೆ ಹೋಗಲು ದಾರಿ ಹತ್ತಿರವೇ ಇದೆ, ಸೆಮಿಸ್ಟರಿನ ನಡುವೆಯೇ ಹೋಗಿಬಿಡುತ್ತಾರೆ. ‘ಹೋದ ಸೆಮಿಸ್ಟರಿನಲ್ಲಿ ಯಾವ ವಿಷಯಕ್ಕೆ ನಡುವೆ ಮೇಷ್ಟ್ರು ಬದಲಾದರು?’ ಎಂಬ ಒಂದು ಪ್ರಶ್ನೆ ಸಾಕು. ಇನ್ನು ಗುಣಮಟ್ಟದ ಮಾನ್ಯತೆ ಎರಡು ಬಗೆ: ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಸಿಗುವುದು, ಎನ್‌ಬಿಎ ಒಂದೊಂದು ಬ್ರಾಂಚಿಗೆ. ಗೇಟಿನ ಮೇಲೆ ‘ಎನ್‌ಬಿಎ’ ಎಂದಿದ್ದರೆ ನಿಮ್ಮ ಬ್ರಾಂಚಿಗೆ ಇದೆಯಾ, ಅವಧಿ ಮುಗಿದಿಲ್ಲವಾ ಎಂದು ಎನ್‌ಬಿಎ ಪಟ್ಟಿಯಲ್ಲಿ ನೋಡಿ.

ಮನೆಯಿಂದ ಓಡಾಡುವವರು ಬಸ್ಸಿನ ಲೆಕ್ಕವನ್ನು ಫೀಸಿನ ಲೆಕ್ಕದಷ್ಟೇ ಗಂಭೀರವಾಗಿ ಮಾಡಬೇಕು. ವಿಟಿಯು ಹಾಜರಾತಿ ಪ್ರತಿ ವಿಷಯಕ್ಕೂ ಬೇರೆ ಬೇರೆ, ಶೇ 85. ತಕ್ಕ ಕಾರಣವಿದ್ದರೆ ಪ್ರಿನ್ಸಿಪಾಲರ ಶಿಫಾರಸಿನ ಮೇಲೆ ಶೇ 10ರವರೆಗೆ ವಿನಾಯಿತಿ ಸಿಗಬಹುದು. ಕೆಕೆಆರ್‌ಟಿಸಿ ಬಸ್ಸು ದಿನಾ 20 ನಿಮಿಷ ತಡವಾದರೆ ಹೋಗುವುದು ಮೊದಲ ಪಿರಿಯಡ್ ಮಾತ್ರ. ಆದರೆ ಆ ಹೊತ್ತಿಗೆ ವಾರದಲ್ಲಿ ಮೂರು ದಿನ ಒಂದೇ ವಿಷಯ ಇದ್ದರೆ, ಉಳಿದೆಲ್ಲದರಲ್ಲಿ ಶೇ 95 ಇದ್ದವನಿಗೆ ಆ ಒಂದರಲ್ಲಿ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಸೇರುವ ಮುಂಚೆ ಒಂದು ಸೋಮವಾರ ನಿಮ್ಮ ಊರಿನ ಬಸ್ಸು ಹತ್ತಿ ಕಾಲೇಜು ಗೇಟು ಮುಟ್ಟುವ ಹೊತ್ತು ನೋಡಿ. ಸಂಜೆ ಲ್ಯಾಬ್ ಮುಗಿದ ಮೇಲೆ ಕೊನೆಯ ಬಸ್ಸು ಎಷ್ಟಕ್ಕೆ ಎಂದೂ ನೋಡಿ. ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸು ಉಚಿತ. ಈ ಭಾಗದಲ್ಲಿ ಮನೆಯಿಂದ ಓದುವ ಹುಡುಗಿಯರಿಗೆ ಇದು ವರ್ಷಕ್ಕೆ ಸಾವಿರಾರು ರೂಪಾಯಿ ಉಳಿತಾಯ. ಕಾಲೇಜಿನ ಸ್ವಂತ ಬಸ್ಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಎಣಿಸಿ.

ಈಗ ದುಡ್ಡು. ಖಾಸಗಿ ಕಾಲೇಜಿನ ಸಿಇಟಿ ಸೀಟಿನ ಶುಲ್ಕ ಈಚಿನ ವರ್ಷಗಳಲ್ಲಿ ಲಕ್ಷದ ಆಸುಪಾಸಿನಲ್ಲಿದೆ. ಸರ್ಕಾರಿ ಮತ್ತು ಅನುದಾನಿತ ಸೀಟಿಗೆ ಹೆಚ್ಚು ಕಡಿಮೆ ಅದರ ಅರ್ಧ. ವರ್ಷಕ್ಕೆ 80,000 ಎಂದಿಟ್ಟುಕೊಳ್ಳಿ, ನಾಲ್ಕು ವರ್ಷಕ್ಕೆ 3.2 ಲಕ್ಷ. ಹಾಸ್ಟೆಲ್ಲು, ಮೆಸ್ಸು ತಿಂಗಳಿಗೆ 5,000ದಂತೆ ವರ್ಷಕ್ಕೆ ಹತ್ತು ತಿಂಗಳು ಹಿಡಿದರೆ 2 ಲಕ್ಷ. ಪರೀಕ್ಷಾ ಶುಲ್ಕ, ರೆಕಾರ್ಡ್, ಯೂನಿಫಾರ್ಮ್, ಜೆರಾಕ್ಸ್ ಸೆಮಿಸ್ಟರಿಗೆ 5,000 ಅಂದರೂ ಎಂಟು ಸೆಮಿಸ್ಟರಿಗೆ 40,000. ಲ್ಯಾಪ್‌ಟಾಪ್ 45,000. ಎಲ್ಲ ಕೂಡಿಸಿದರೆ 6 ಲಕ್ಷ ದಾಟಿತು. ಮನೆಯಿಂದ ಓಡಾಡಿದರೆ 4 ಲಕ್ಷ, ಮೇಲೆ ಬಸ್ ಪಾಸು. ‘ನಮ್ಮಲ್ಲಿ ಫೀಸು ಕಡಿಮೆ’ ಎಂದ ಕಾಲೇಜಿನಲ್ಲಿ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಶುಲ್ಕದ ಮೇಲೆ ಸ್ಕಿಲ್ ಟ್ರೈನಿಂಗ್, ಪ್ಲೇಸ್‌ಮೆಂಟ್ ಟ್ರೈನಿಂಗ್ ಎಂದು ಏನೇನು ಸೇರುತ್ತದೆ ಎಂಬುದನ್ನು ಬರೆದುಕೊಡಲು ಕೇಳಿ. ಬಾಯಿಮಾತಿನ ಫೀಸು ಎರಡನೇ ವರ್ಷಕ್ಕೆ ಬೇರೆಯೇ ಆಗಿರುತ್ತದೆ.

ಈ ಮೊತ್ತ ಇಳಿಸುವ ದಾರಿಗಳಿವೆ, ಆದರೆ ಕಾಗದ ಮೊದಲೇ ಸಿದ್ಧ ಇರಬೇಕು. ಎಸ್‌ಎನ್‌ಕ್ಯೂ ಎಂದರೆ ಇದ್ದ ಸೀಟಿನ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟು. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕ ಮಾಫಿ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಬಿಇಗೆ ವರ್ಷಕ್ಕೆ ಹುಡುಗರಿಗೆ 10,000, ಹುಡುಗಿಯರಿಗೆ 11,000 ಇತ್ತು, ಈಗಲೂ ಇದೆಯಾ ವಿಚಾರಿಸಿ. ಎಐಸಿಟಿಇ ಪ್ರಗತಿ ವಿದ್ಯಾರ್ಥಿವೇತನ ಹುಡುಗಿಯರಿಗೆ ವರ್ಷಕ್ಕೆ 50,000. ಒಂದು ಮನೆಯಿಂದ ಇಬ್ಬರವರೆಗೆ ಹಾಕಬಹುದು, ಆದರೆ ಸಂಖ್ಯೆಗೆ ಮಿತಿ ಇದೆ, ಆಯ್ಕೆ ಅಂಕದ ಮೇಲೆ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳು ಸಹಾಯಧನ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಕೆಡುವುದು ಬಹುಮಟ್ಟಿಗೆ ಮೂರು ಕಡೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರಿನಲ್ಲಿ ಹೆಸರಿನ ಅಕ್ಷರ ಬೇರೆ ಇರುವುದು, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಅವಧಿ ಮುಗಿದಿರುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಇರುವುದು. ಮೂರನೆಯದರಲ್ಲಿ ಅರ್ಜಿ ಮಂಜೂರಾಗಿಯೂ ಹಣ ಬರುವುದಿಲ್ಲ. ಮನೆಯವರಿಗೆ ಅದು ತಿಳಿಯುವ ಹೊತ್ತಿಗೆ ವರ್ಷ ಕಳೆದಿರುತ್ತದೆ.

ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ ಮೀಸಲಾತಿ ಕೊಡುವ ಪ್ರಮಾಣಪತ್ರ ಇದಕ್ಕೆಲ್ಲಕ್ಕಿಂತ ದೊಡ್ಡದು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ, ಈ ಭಾಗದ ಹೊರಗಿರುವ ನಮ್ಮ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಪ್ರಮಾಣಪತ್ರ ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಕಲಬುರಗಿ, ಸೇಡಂ, ಬೀದರ, ಬಸವಕಲ್ಯಾಣ, ಯಾದಗಿರಿಯಲ್ಲಿ ಇವೆ. ಸಿಇಟಿ ಅರ್ಜಿ ತುಂಬುವ ಮೊದಲೇ ಮಾಡಿಸಿ. ಹಳ್ಳಿಯಲ್ಲಿ ಒಂದರಿಂದ ಹತ್ತು ಓದಿದವರಿಗೆ ಗ್ರಾಮೀಣ ಕೋಟಾ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಕೋಟಾ. ಈ ಪತ್ರಗಳಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು, ಬೇಸಿಗೆ ರಜೆಯಲ್ಲಿ ಶಾಲೆಯ ಮುಖ್ಯಗುರುಗಳನ್ನು ಹುಡುಕಿಕೊಂಡು ಹೋಗುವ ಪಾಡು ಬೇಡ. ಕೆಇಎ ಹಿಂದಿನ ವರ್ಷಗಳ ಕಟಾಫ್ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ್ದು ಬೇರೆಯೇ ಇರುತ್ತದೆ. ಸಾಮಾನ್ಯ ಪಟ್ಟಿ ನೋಡಿ ‘ನಮಗೆ ಸಿಗಲ್ಲ’ ಎಂದು ಕೈಬಿಟ್ಟವರು ಬಹಳ. ನಿಮ್ಮ ವರ್ಗದ ಮುಂದೆ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಅದೇ ರ‍್ಯಾಂಕಿಗೆ ಕಲಬುರಗಿಯ ಅನುದಾನಿತ ಸೀಟು ಸಿಗುವಂತಿದ್ದರೆ ತಾಲೂಕಿನ ಖಾಸಗಿ ಸೀಟಿಗಿಂತ ಅದನ್ನು ಮೇಲೆ ಬರೆಯಿರಿ.

ಸಿವಿಲ್, ಮೆಕ್ಯಾನಿಕಲ್ ಸೀಟು ಈ ಕಾಲೇಜುಗಳಲ್ಲಿ ಕೊನೆಯ ಸುತ್ತಿನವರೆಗೂ ಉಳಿಯುವುದು ಸಾಮಾನ್ಯ. ಏಪ್ರಿಲಿನಲ್ಲೇ ‘ಸೀಟು ಬುಕ್ ಮಾಡಿ’ ಎಂದು ಫೋನ್ ಬಂದರೆ ಒಂದು ರೂಪಾಯಿಯೂ ಕೊಡಬೇಡಿ. ಬ್ರಾಂಚ್ ಆರಿಸುವಾಗ ಎಲ್ಲರೂ ಕಂಪ್ಯೂಟರ್ ಸೈನ್ಸಿಗೇ ಬೀಳುತ್ತಾರೆ. ಮೇಷ್ಟ್ರಿಲ್ಲದ ಎಐ ಬ್ರಾಂಚಿಗಿಂತ ಹಳೆಯ ಮೇಷ್ಟ್ರುಗಳಿರುವ ಎಲೆಕ್ಟ್ರಿಕಲ್ ಅಥವಾ ಸಿವಿಲ್ ಮೇಲು ಎಂದು ನಾವು ಖಂಡಿತವಾಗಿ ಹೇಳುತ್ತೇವೆ. 371(ಜೆ) ಅಡಿ ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಬಿ ವೃಂದಕ್ಕೆ ಶೇ 75, ಸಿ ವೃಂದಕ್ಕೆ ಶೇ 80 ಸ್ಥಳೀಯರಿಗೆ ಮೀಸಲು. ಲೋಕೋಪಯೋಗಿ, ಪಂಚಾಯತ್ ರಾಜ್, ಜೆಸ್ಕಾಂ ಎಂಜಿನಿಯರ್ ಹುದ್ದೆಗಳಿಗೆ ಬೇಕಾದದ್ದು ಇವೇ ಬ್ರಾಂಚು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು, ಕಡೇಚೂರು ಮತ್ತು ಬೀದರದ ಕೊಳಾರ ಕೈಗಾರಿಕಾ ಪ್ರದೇಶ ಇಂಟರ್ನ್‌ಶಿಪ್ಪಿಗೆ ಹತ್ತಿರ. ಹೋದ ವರ್ಷ ಅಲ್ಲಿಗೆ ಎಷ್ಟು ಮಂದಿಯನ್ನು ಕಳಿಸಿದರು, ಯಾರು ಜೊತೆ ಹೋದರು ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ.

ಪ್ಲೇಸ್‌ಮೆಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಪನಿ ಕಾಲೇಜಿಗೇ ಬಂದಿತ್ತಾ, ಇಲ್ಲ ಹಲವು ಕಾಲೇಜಿನವರಿಗೆ ಒಟ್ಟಿಗೆ ಬೇರೆ ಊರಿನಲ್ಲಿ ನಡೆಯುವ ಪೂಲ್ ಡ್ರೈವಿಗೆ ಹುಡುಗರೇ ಹೋದರಾ ಎಂಬುದನ್ನು ಬಿಡಿಸಿ ಕೇಳಿ. ಫ್ಲೆಕ್ಸಿನಲ್ಲಿ ಒಬ್ಬನೇ ಹುಡುಗನ ಫೋಟೋ ಮೂರು ಕಂಪನಿಯ ಕೆಳಗೆ ಇದ್ದರೆ ಅದು ಮೂರು ಕೆಲಸವಲ್ಲ.

ಹಾಸ್ಟೆಲ್ಲಿನಲ್ಲಿ ನೀರು ನೋಡಿ. ಮಾರ್ಚಿನ ನಂತರ ಬೋರ್‌ವೆಲ್ ಸಾಕಾಗುತ್ತದಾ, ಟ್ಯಾಂಕರ್ ಬರುತ್ತದಾ, ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಕೊನೆಯ ಬಾರಿ ಬದಲಾಯಿಸಿದ್ದು ಯಾವಾಗ ಎಂದು ಕೇಳಿ. ಮೇಲಂತಸ್ತಿನ ಕೋಣೆ ಬೇಡ, ಮಧ್ಯಾಹ್ನದ ಬಿಸಿಲಿಗೆ ಸ್ಲ್ಯಾಬ್ ಕಾದರೆ ರಾತ್ರಿ 12ರವರೆಗೂ ಧಗೆ ಇಳಿಯುವುದಿಲ್ಲ. ಸಮ ಸೆಮಿಸ್ಟರಿನ ಪಾಠ ನಡೆಯುವುದು ಆ ತಿಂಗಳುಗಳಲ್ಲೇ. ಕೆಳಗಿನ ಕೋಣೆಯ ಶಹಾಬಾದ್ ಕಲ್ಲಿನ ನೆಲ ತಂಪಾಗಿರುತ್ತದೆ.

ಸೇರುವ ದಿನ ಮೂಲ ಅಂಕಪಟ್ಟಿ, ಟಿಸಿ ಕೊಡುವ ಮುಂಚೆ ಪ್ರತಿಯೊಂದರ ನಾಲ್ಕು ಜೆರಾಕ್ಸ್ ತೆಗೆಸಿ, ಸ್ಕ್ಯಾನ್ ಮಾಡಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಪರಿಶೀಲನೆ ಆದ ಮೇಲೆ ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳಬಾರದು ಎಂಬುದು ಎಐಸಿಟಿಇ ನಿಯಮ. ಇಟ್ಟುಕೊಂಡರೆ ಏನೇನು ಕೊಟ್ಟಿರಿ ಎಂಬುದಕ್ಕೆ ಸೀಲು ಹಾಕಿದ ರಸೀದಿ ಕೇಳಿ. ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಸಿಕ್ಕಾಗ ‘ನಾಲ್ಕೂ ವರ್ಷದ ಫೀಸು ಕಟ್ಟಿದರೆ ಟಿಸಿ’ ಎಂಬ ಮಾತು ಬಂದರೆ ಆ ನಿಯಮದ ಪ್ರತಿ ಮತ್ತು ಆ ರಸೀದಿ ಎರಡೂ ನಿಮ್ಮ ಕೈಯಲ್ಲಿರಲಿ.